ಮೂರು ಬದಿಯ ಜಾಲರಿ

ಏಪ್ರಿಲ್ 21, ಭಾನುವಾರ. ಬೆಳಿಗ್ಗೆ

ಆರು. ಕೋಳಿ ಎಲ್ಲ ಇವೆ. ನೀರು ಬದಲಿಸಿದೆ, ಕಾಳು ಹಾಕಿದೆ. ಮೂರು ಮೊಟ್ಟೆ. ಗೂಡಿನ ಚಿಲಕದ ಮೇಲೆ ಮತ್ತೆ ಕೆಸರು — ಐದು ಬೆರಳು, ಚಿಕ್ಕ ಮಗುವಿನ ಕೈ ಹಾಗೆ. ರಕೂನ್. ಚಿಲಕ ಎತ್ತಲು ಕಲಿಯುತ್ತಿದೆ. ಕೊಂಡಿಗೆ ಒಂದು ಸ್ಪ್ರಿಂಗ್ ಹುಕ್ ಸಿಕ್ಕಿಸಿದೆ.

ಅತ್ತೆ ಆಗಲೇ ಎದ್ದು ಡೆಕ್ ಮೇಲೆ ಶಾಲು ಹೊದ್ದು ಕುಳಿತಿದ್ದರು. ಮಾವ ಜನವರಿಯಲ್ಲಿ ಹೋದರು. ಮಾರ್ಚ್‌ನಲ್ಲಿ ಪ್ರತಾಪ್ ಧಾರವಾಡಕ್ಕೆ ಹೋಗಿ ತಾಯಿಯನ್ನು ಇಲ್ಲಿಗೆ, ಅಮೆರಿಕದ ಸ್ನೊಕ್ವಾಲ್ಮಿಗೆ, ಕರೆತಂದ. ಆರು ವಾರವಾಯಿತು. ಮಗ ಮಾತಾಡಿಸಿದರೆ ಹೂಂ. ನಾನು ಮಾತಾಡಿಸಿದರೆ ಅದೂ ಇಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ. ಅವರು ನನ್ನೊಡನೆ ಆಡಿದ ಮಾತು ಈ ಡೈರಿಯ ಒಂದು ಪುಟ ತುಂಬುವುದಿಲ್ಲ. ಮೈಸೂರಿನ ಪುಳಿಚಾರಿನ ಮನೆಯವಳು ನಮಗೆ ಹೊಂದುವುದಿಲ್ಲ ಎಂದಿದ್ದರಂತೆ ಆಗ.

ಕೋಳಿಗಳೊಡನೆ ಮಾತ್ರ ಮಾತಾಡುತ್ತಾರೆ. ಇಂದು ಬೂದು ಬಣ್ಣದ್ದರ ಜೊತೆ: "ಏನಬೇ ಬೂದಿ, ಯಾಕ ಮಾರಿ ಸಣ್ಣ ಮಾಡೀದಿ?"

ಪ್ರತಾಪ್ ತಿಂಡಿಗೆ ಕುಳಿತಾಗ: "ಅವ್ವಂದು ಒಂದೇ ಹಟ. ಮೇ ಒಂದಕ್ಕೆ ಊರಿಗೆ ಟಿಕೆಟ್ ನೋಡು ಅಂತಾಳೆ." ಬೇಡ ಎನ್ನಲು ನನಗೆ ಹಕ್ಕಿದೆಯೇ ಎಂದು ಗೊತ್ತಿಲ್ಲ.

ಲೈಬ್ರರಿಯ ಎಸ್ಟೋನಿಯನ್ ಕಾದಂಬರಿ, ಪುಟ 88. ಅನುವಾದ ಶುಷ್ಕ, ಆದರೆ ಪ್ರಾಮಾಣಿಕ.

ಏಪ್ರಿಲ್ 24, ಬುಧವಾರ. ಬೆಳಿಗ್ಗೆ 7:00

5:35ಕ್ಕೆ ಕಿರುಚಾಟ. ಕೋಳಿಯದೆಂದು ಮೊದಲು ಅನ್ನಿಸಲಿಲ್ಲ.

ಕಪ್ಪು ಕೋಳಿ, ಕರಿ, ಗೂಡಿನ ಮುಂದಿನ ಜಾಲರಿ ಅಂಗಳದಲ್ಲಿ, ಜಾಲರಿಗೆ ಒರಗಿ ನಿಂತಿತ್ತು. ನಿಂತಿರಲಿಲ್ಲ — ಸಿಕ್ಕಿಕೊಂಡಿತ್ತು. ಚಿಕನ್ ವೈರಿನ ತೂತಿನಿಂದ ಅದರ ಎಡಗಾಲನ್ನು ಹೊರಗೆಳೆದು ತೊಡೆಯವರೆಗೆ ತಿಂದಿದೆ. ಅರ್ಧ ರೆಕ್ಕೆ ಹೊರಗೆ, ಉಳಿದ ಕೋಳಿ ಒಳಗೆ. ಕಣ್ಣು ತೆರೆದಿದೆ. ಉಸಿರಾಡುತ್ತಿದೆ. ರಕೂನ್ ಬೇಲಿಯ ಮೇಲೆ ಕುಳಿತು ಕೈ ನೆಕ್ಕುತ್ತಿತ್ತು. ಕಲ್ಲು ಎಸೆದೆ. ಅವಸರವಿಲ್ಲದೆ ಇಳಿದು ಹೋಯಿತು.

ಹಿಂದಿನಿಂದ ಅತ್ತೆ. "ಸರಿ ಅತ್ಲಾಗ."

ಎರಡು ಕೈಯಲ್ಲಿ ಹಿಡಿದು ಒಳಕ್ಕೆ ಎಳೆದರು. ಚರ್ಮ ತಂತಿಯಲ್ಲೇ ಉಳಿಯಿತು. ಕತ್ತನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಪಕ್ಕಕ್ಕೆ. ಒಣ ಕಡ್ಡಿ ಮುರಿದ ಸದ್ದು.

"ಅತ್ತೆ! ಡಾಕ್ಟರ್ ಹತ್ರ ತಗೊಂಡು ಹೋಗಬಹುದಿತ್ತು!"

"ಯಾರ ಹತ್ರ?"

"ವೆಟ್. ಪ್ರಾಣಿ ಡಾಕ್ಟರ್."

"ಅರ್ಧಾ ಕೋಳಿಗೇನು?" ಎಂದರು. ಆಮೇಲೆ: "ಪಾತೇಲಿ ಕೊಡು. ನೀರ ಕಾಯಿಸ್ತೇನಿ."

"ಇವನ್ನ ನಾವು ತಿನ್ನಲ್ಲ ಅತ್ತೆ."

"ನಿನಗ್ಯಾರ ತಿನ್ನ ಅಂದ್ರು? ನಾ ತಿಂತೇನಿ."

ಕೊಡಲಿಲ್ಲ. ಅತ್ತೆ ಕೋಳಿಯನ್ನು ನೆಲದ ಮೇಲಿಟ್ಟರು. "ಹಂಗಾರ ಕಸದ ಡಬ್ಬ್ಯಾಗ ಒಗಿ. ಹುಗೀಬ್ಯಾಡ. ಹುಗದರ ಬಗದ ತಿಂತಾವ, ರುಚಿ ಹತ್ತಿ ಮತ್ತ ಬರ್ತಾವ."

ಆಯಿತು ಎಂದೆ. ಅವರು ಸ್ನಾನಕ್ಕೆ ಹೋದ ಮೇಲೆ ಹೂಳಿದೆ. ಮೂರು ವರ್ಷ ಸಾಕಿದ ಜೀವವನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕುವುದು ನನ್ನಿಂದ ಆಗದು. ಜಾಲರಿಯ ಪೂರ್ವದ ಬದಿ, ನಾಲ್ಕು ಇಂಚು ಆಚೆ. ಬೇರೆ ಕಡೆಯೆಲ್ಲ ಫರ್ ಮರದ ಬೇರು, ಕಲ್ಲು. ಅಲ್ಲಿ ಮಾತ್ರ ಮಣ್ಣು ಮೆತ್ತಗೆ. ಆಳ 12 ಇಂಚು, ಟೇಪ್ ಹಿಡಿದು ನೋಡಿದೆ. ಅರಿಶಿನ, ಕುಂಕುಮ, ಒಂದು ಹಿಡಿ ಅಕ್ಕಿ. ಹಸು ಸತ್ತಾಗ ನಮ್ಮಜ್ಜಿ ಹೀಗೇ ಮಾಡಿದ್ದರು.

ಅತ್ತೆ ನನ್ನೊಡನೆ ಇಷ್ಟು ಮಾತಾಡಿದ್ದು ಇದೇ ಮೊದಲು. ಕೆಲಸಕ್ಕೆ ತಡ. ಕೆಂಟ್ ಕಡೆ ಟ್ರಾಫಿಕ್ ಶುರುವಾಗಿರುತ್ತದೆ.

ಏಪ್ರಿಲ್ 27, ಶನಿವಾರ

ಬೂದಿ ಮೂರು ದಿನದಿಂದ ಜಾಗ ಬಿಟ್ಟು ಏಳುತ್ತಿಲ್ಲ. ಕೈ ಹಾಕಿದರೆ ಕುಕ್ಕುತ್ತದೆ. ಕಾವಿಗೆ ಕೂತಿದೆ. ಆದರೆ ನಮ್ಮ ಬಡಾವಣೆಯಲ್ಲಿ ಹುಂಜ ಸಾಕುವಂತಿಲ್ಲ. ಅದರ ಕೆಳಗಿರುವ ಮೊಟ್ಟೆಯಲ್ಲಿ ಜೀವವಿಲ್ಲ.

ಅತ್ತೆ ತಾವಾಗಿ ಅಡುಗೆಮನೆಗೆ ಬಂದರು. "ಹುಂಜ ಇರೋ ಮನಿ ಎಲ್ಲೈತಿ ಇಲ್ಲೆ?"

ಕಾರ್ನೇಶನ್ ಕಡೆ ಒಂದು ಫಾರ್ಮ್ ಸಿಕ್ಕಿತು. ಹನ್ನೊಂದು ಮೊಟ್ಟೆ. ಹನ್ನೆರಡನ್ನು ಕೊಡಲು ಬಂದವಳಿಗೆ ಅತ್ತೆ ಒಂದನ್ನು ವಾಪಸು ಕೊಟ್ಟರು — ಬೆಸ ಸಂಖ್ಯೆಯೇ ಆಗಬೇಕಂತೆ. ದಾರಿಯುದ್ದಕ್ಕೂ ಬುಟ್ಟಿ ತೊಡೆಯ ಮೇಲೆ. "ಸಾವಕಾಶ ಹೊಡಿ. ತಗ್ಗ ಬಂದ್ರ ಮೊದ್ಲ ಹೇಳು, ಎತ್ತಿ ಹಿಡೀತೇನಿ."

ಜಾಲರಿ ಅಂಗಳದ ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ. ಮೊಟ್ಟೆಯ ಕೆಳಗೆ ಒಂದು ತುಂಡು ಇದ್ದಿಲು, ಒಂದು ಕಬ್ಬಿಣದ ಮೊಳೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು.

"ಇಲ್ಲಿ ಗುಡುಗೋದು ವರ್ಷಕ್ಕೆ ಎರಡೇ ಸಲ ಅತ್ತೆ."

"ಕೆಡಾಕ ಒಂದ ಸಲ ಸಾಕಲ್ಲ."

ಇಪ್ಪತ್ತೊಂದು ದಿನ. ಅಂದರೆ ಮೇ 18. ಸಂಜೆ ಪ್ರತಾಪ್ ಟಿಕೆಟ್ ವಿಷಯ ಎತ್ತಿದ. ಅತ್ತೆ: "ಮರಿ ಆಗ್ಲಿ ತಡಿ. ಕಾವಿಗೆ ಕುಂದ್ರಿಸಿ ಬಿಟ್ಟ ಹೋಗಬಾರದು. ಆಮ್ಯಾಲ ಮರಿ ಸಣ್ಣವು ಇರ್ತಾವ... ನೋಡೂಣು." ಪ್ರತಾಪ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ರಾತ್ರಿ ಎರಡು ರೊಟ್ಟಿ ತಿಂದರು. ಇಲ್ಲಿಗೆ ಬಂದಾಗಿನಿಂದ ಒಂದೇ ತಿನ್ನುತ್ತಿದ್ದದ್ದು.

ಮರಿಯಾದರೆ ಇವರು ಉಳಿಯುತ್ತಾರೆ. ಇಷ್ಟು ಸ್ಪಷ್ಟವಾದ ಸಂಗತಿ ಈ ಮನೆಯಲ್ಲಿ ಇನ್ನೊಂದಿಲ್ಲ.

ಏಪ್ರಿಲ್ 28, ಭಾನುವಾರ

ಚಿಕನ್ ವೈರ್ ಕಿತ್ತೆ. ಅರ್ಧ ಇಂಚಿನ ಗಟ್ಟಿ ಜಾಲರಿ ಹೊಡೆದೆ, ನಾಲ್ಕೂ ಕಡೆ, ಮೇಲೂ. ಇನ್ನು ಅಗೆದು ನುಸುಳದ ಹಾಗೆ ನೆಲದಲ್ಲೂ ಜಾಲರಿ ಹಾಸಿ ಹೂಳಬೇಕು, ಗೋಡೆಯಿಂದ 24 ಇಂಚು ಹೊರಗೆ. ಉತ್ತರ, ದಕ್ಷಿಣ, ಪಶ್ಚಿಮ ಮುಗಿಯಿತು. ಪೂರ್ವದಲ್ಲಿ ಮಣ್ಣು ಕೆರೆದರೆ ಕರಿ ಹೊರಬರುತ್ತದೆ. ನಾಲ್ಕು ದಿನವಾಗಿದೆ... ಹೇಗಿರುತ್ತದೆಂದು ನೋಡುವ ಧೈರ್ಯ ಬರಲಿಲ್ಲ. ಅತ್ತೆಗೆ ಗೊತ್ತಾಗುತ್ತದೆಂಬ ಅಳುಕೂ ಇತ್ತು. ಅಲ್ಲಿ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಟ್ಟೆ. ಒಂಬತ್ತು ಕಲ್ಲು.

ಎರಡು ಮನೆಯಾಚೆಯ ಬದರಿನಾಥ್ ಬಂದರು. ಬೆಂಗಳೂರಿನವರು, ಬಹಳ ಒಳ್ಳೆಯವರು, ಅದನ್ನು ಮರೆಯಲು ಬಿಡುವುದಿಲ್ಲ. ಫೋನಿನಲ್ಲಿ ತಮ್ಮ ಮನೆಯ ಕ್ಯಾಮೆರಾದ ವಿಡಿಯೋ: ಕಾಯೋಟಿ, ಎರಡು, ಒಂದರ ಹಿಂದೊಂದು, ನಮ್ಮ ಬೇಲಿಯ ಪಕ್ಕ, ಬೆಳಿಗ್ಗೆ 5:12.

"ಜೋಡಿ ಮೇಡಂ. ಎಷ್ಟು ಚೆನ್ನಾಗಿವೆ ನೋಡಿ. ಏನೂ ಮಾಡೋಕೆ ಹೋಗ್ಬೇಡಿ. ಅವುಗಳ ಜಾಗಕ್ಕೆ ನಾವು ಬಂದಿರೋದು."

ಅತ್ತೆ ಡೆಕ್ ಮೇಲಿಂದ: "ಹೌದೇನ್ರಿ? ಹಂಗಾರ ರಾತ್ರಿ ನಿಮ್ಮ ಮನಿ ಬಾಗಲಾ ತಗದ ಇಡ್ರಿ. ಪಾಪ, ಅವುಕ ಥಂಡಿ ಆಗ್ತಿರ್ತೈತಿ."

ಬದರಿನಾಥ್ ನಕ್ಕರು. ಕಾಫಿ ಕುಡಿಯದೆ ಹೋದರು.

ಅತ್ತೆ ವಿಡಿಯೋವನ್ನು ಮತ್ತೆ ಹಾಕಿಸಿಕೊಂಡು ನೋಡಿದರು. "ನರೀನೂ ಅಲ್ಲ, ತ್ವಾಳಾನೂ ಅಲ್ಲ. ಎರಡರ ಕಳ್ಳತನಾನೂ ಐತಿ."

ಮೇ 3, ಶುಕ್ರವಾರ. ಸಂಜೆ

12:40ಕ್ಕೆ ಪ್ರತಾಪ್ ಫೋನ್ ಮಾಡಿದ. ಫ್ಯಾಕ್ಟರಿಯ ಅಳತೆ ಕೋಣೆಯಲ್ಲಿದ್ದೆ, ಕೈಯಲ್ಲಿ ಮೈಕ್ರೋಮೀಟರ್. ಬಂದುಬಿಡು ಎಂದ.

ಅತ್ತೆ ಮಧ್ಯಾಹ್ನ ಕೋಳಿಗಳನ್ನು ಅರ್ಧ ಗಂಟೆ ಹುಲ್ಲಿಗೆ ಬಿಟ್ಟಿದ್ದರು. ತಾವು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. ಊರಿನಲ್ಲಿ ನರಿ ಬರುವುದು ಕತ್ತಲಾದ ಮೇಲೆ. ಇಲ್ಲಿ ನಡು ಮಧ್ಯಾಹ್ನ, ಬಿಸಿಲಲ್ಲಿ, ಹತ್ತು ಅಡಿ ದೂರದಲ್ಲಿ ಕೆಂಪು ಕೋಳಿ ಕೆಂದಿಯನ್ನು ಕಾಯೋಟಿ ಹಿಡಿಯಿತು.

"ಚಪ್ಪಲಿ ಒಗದೆ. ಕುಂಡಾ ಒಗದೆ, ಬೆನ್ನಿಗೆ ಬಡೀತು. ಓಡಲಿಲ್ಲ ಮಾಧವಿ ಅದು. ನಿಂತು ನನ್ನ ಮಾರಿ ನೋಡಿತು. ಕೋಳೀನ ಕೆಳಗಿಟ್ಟು, ನಟ್ಟಗ ಹಿಡಕೊಂಡು, ಹೋತು. ಒದರಾಕತ್ತಿತ್ತು ಇನ್ನಾ ಕೆಂದಿ."

ಬೇಲಿಯಾಚೆ ಆಲ್ಡರ್ ಮರಗಳ ಕೆಳಗೆ ಹುಡುಕಿದೆ. ಎರಡು ರೆಕ್ಕೆ, ಎದೆಗೂಡು, ಒಂದು ಕಾಲು. ತಲೆ ಸಿಗಲಿಲ್ಲ. ಕರುಳು ಜರಿಗಿಡದ ಮೇಲೆ ತೂಗುತ್ತಿತ್ತು, ಅದನ್ನೂ ಬಿಡಿಸಿ ತಂದೆ.

ಅತ್ತೆ ಊಟ ಮಾಡಲಿಲ್ಲ. "ನಾ ಬಿಟ್ಟೆ, ಅದು ಹೋತು" — ಇದನ್ನೇ ಮೂರು ಸಲ. ನಿಮ್ಮ ತಪ್ಪಲ್ಲ ಅಂದೆ. ಕಸದ ಡಬ್ಬಿಗೆ ಒಗೆದು ಬಂದೆಯಾ ಎಂದು ಕೇಳಿದರು. ಹೌದು ಎಂದೆ.

ಕರಿಯ ಪಕ್ಕದಲ್ಲೇ ಹೂಳಿದ್ದೇನೆ. ಕತ್ತಲಾಗುತ್ತಿತ್ತು, ಆಳ ಅಳೆಯಲಿಲ್ಲ.

ನಾಲ್ಕು ಉಳಿದಿವೆ. ಬೂದಿ, ಚುಕ್ಕಿ, ಎರಡು ಕಂದು.

ಮೇ 9, ಗುರುವಾರ

ಹನ್ನೆರಡನೇ ದಿನ. ಸಂಜೆ ಬಚ್ಚಲುಮನೆಯ ದೀಪ ಆರಿಸಿ ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದೆವು. ಎರಡು ಬರಿದು. ಒಂಬತ್ತರಲ್ಲಿ ಕೆಂಪು ಎಳೆಗಳು, ನಡುವೆ ಕಪ್ಪು ಚುಕ್ಕೆ, ಅದು ಹೊರಳುತ್ತದೆ.

"ನೋಡಲ್ಲಿ, ಎದಿ ಬಡಕೊಳ್ಳಾಕತ್ತೈತಿ." ಅತ್ತೆ ನನ್ನ ಮೊಣಕೈ ಹಿಡಿದಿದ್ದರು. ಬಿಡಲು ಮರೆತರು, ಅಥವಾ ಬಿಡಲಿಲ್ಲ.

ಮರಿಗಳಾದರೆ ಎಲ್ಲಿ ಬಿಡುವುದು, ಏನು ಹಾಕುವುದು, ಮಳೆ ಬಂದರೆ ಏನು — ಸೆಪ್ಟೆಂಬರ್‌ವರೆಗಿನ ಯೋಜನೆ ಅವರ ಬಾಯಲ್ಲಿ. ಟಿಕೆಟ್ ವಿಷಯ ಯಾರೂ ಎತ್ತಲಿಲ್ಲ. ಪ್ರತಾಪ್ ಭಾನುವಾರದಿಂದ ಒಂದು ವಾರ ಡೆನ್ವರ್‌ಗೆ ಹೋಗುತ್ತಾನೆ, ಆಫೀಸ್ ಕೆಲಸ.

ಮೇ 12, ಭಾನುವಾರ. ಬೆಳಿಗ್ಗೆ 9:25

ಎರಡು ಗುಂಡಿಯನ್ನೂ ಯಾವುದೋ ಪ್ರಾಣಿ ಬಗೆದಿದೆ.

ಕಲ್ಲುಗಳಲ್ಲಿ ಮೂರು ಉರುಳಿವೆ. ಮಣ್ಣು ಹೊರಗೆ ಚೆಲ್ಲಿದೆ, ಅದರಲ್ಲಿ ಅರಿಶಿನ. ಕರಿಯ ಕಾಲಿನ ಒಂದು ಉಗುರು ಬಿಟ್ಟು ಬೇರೇನೂ ಉಳಿಸಿಲ್ಲ. ಎರಡನೇ ಗುಂಡಿ ಓರೆಯಾಗಿ ಜಾಲರಿಯ ಕೆಳಗೆ ನಾಲ್ಕು ಇಂಚು ಒಳಕ್ಕೆ ಹೋಗಿದೆ. ಅಲ್ಲಿಂದ ಬೂದಿಯ ಬುಟ್ಟಿಗೆ ಎರಡೂವರೆ ಅಡಿ. ಬೂದಿ ಅಲುಗದೆ ಕುಳಿತು ನನ್ನನ್ನೇ ನೋಡುತ್ತಿತ್ತು.

ಅತ್ತೆ ಏಳುವ ಮೊದಲೇ ಮುಚ್ಚಿದೆ. ಕಲ್ಲು, ಮಣ್ಣು, ಮತ್ತೆ ಕಲ್ಲು. ಇನ್ನು ಅಲ್ಲಿ ಯಾವ ಹೆಣವೂ ಇಲ್ಲ, ಜಾಲರಿ ಹೂಳಲು ಅಡ್ಡಿಯಿಲ್ಲ. ಆದರೆ ಜಾಲರಿ ಮುಗಿದಿದೆ. ಆರ್ಡರ್ ಮಾಡಿದೆ. ಗುರುವಾರ ಸಂಜೆ ಬರುತ್ತದಂತೆ.

ಹೇಳಿಬಿಡಬೇಕಿತ್ತು. ತಿಂಡಿಗೆ ಕುಳಿತಾಗ ಬಾಯಿವರೆಗೆ ಬಂತು. ಅವರು ಚಟ್ನಿಪುಡಿ ಕಲಸಿ ನನ್ನ ತಟ್ಟೆಗೂ ಹಾಕಿದರು. ತಿಂದು ಎದ್ದೆ.

ಮೇ 16, ಗುರುವಾರ. ಮಧ್ಯಾಹ್ನ 3:30

ಕ್ರಮವಾಗಿ ಬರೆಯುತ್ತೇನೆ.

4:58. ಕಾಫಿಗೆ ನೀರಿಟ್ಟಿದ್ದೆ. ಹೊರಗೆ ಸದ್ದು. ಗ್ಯಾರೇಜಿನಿಂದ ಸಲಿಕೆ ತೆಗೆದುಕೊಂಡು ಓಡಿದೆ. ಮಂಕು ಬೆಳಕು ಹರಿಯುತ್ತಿತ್ತು. ಪೂರ್ವದ ಕಲ್ಲುಗಳು ಅತ್ತಿತ್ತ ಬಿದ್ದಿದ್ದವು, ಜಾಲರಿಯ ಕೆಳಗೆ ತೂತು. ಕಾಯೋಟಿ ಒಳಗಿತ್ತು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು, ಪಕ್ಕೆಲುಬು ಕಾಣುತ್ತಿತ್ತು. ಚುಕ್ಕಿ ಗೇಟಿನ ಹತ್ತಿರ ತಲೆಯಿಲ್ಲದೆ ಬಿದ್ದು ಕಾಲು ಆಡಿಸುತ್ತಿತ್ತು. ಕಾಯೋಟಿ ಬೂದಿಯ ಬೆನ್ನನ್ನು ಕಚ್ಚಿ ಎಳೆಯುತ್ತಿತ್ತು. ಬೂದಿ ಉಗುರುಗಳಿಂದ ಬುಟ್ಟಿಯನ್ನು ಹಿಡಿದುಕೊಂಡಿತ್ತು, ಬುಟ್ಟಿಯೂ ಜೊತೆಗೆ ನೆಲದ ಮೇಲೆ ತೆವಳುತ್ತಿತ್ತು.

ಗೇಟು ತೆರೆದೆ. ತೆರೆದೇ ಬಿಟ್ಟಿದ್ದರೆ ಅದು ನನ್ನನ್ನು ದಾಟಿ ಓಡಿಹೋಗುತ್ತಿತ್ತು. ಇದನ್ನು ಬರೆಯಲೇಬೇಕು. ಒಳಗೆ ಹೋಗಿ ಗೇಟನ್ನು ಹಿಂದಿನಿಂದ ಎಳೆದು ಹುಕ್ ಹಾಕಿದೆ.

ಅದು ಬೂದಿಯನ್ನು ಬಿಟ್ಟು ತೂತಿನ ಕಡೆ ನುಗ್ಗಿತು. ತೂತಿಗೆ ನನ್ನ ಎಡಗಾಲು ಇಟ್ಟೆ. ಬೂಟಿನ ಮೇಲ್ಗಡೆ, ಮೀನಖಂಡಕ್ಕೆ ಹಲ್ಲು ಹಾಕಿತು. ಮೊದಲ ಏಟು ತಪ್ಪಿ ತಂತಿಗೆ ಬಿತ್ತು. ಎರಡನೆಯದು ಸೊಂಟಕ್ಕೆ, ಹಿಂಗಾಲು ಎರಡೂ ಕುಸಿದವು. ನಾಯಿಮರಿಯ ಹಾಗೆ ಕೂಗಿತು. ಮೂರನೆಯದು ಭುಜಕ್ಕೆ. ಮುಂಗಾಲಿನಲ್ಲೇ ತೆವಳಿ ಮೂಲೆಗೆ ಹೋಯಿತು. ಬುಟ್ಟಿಯ ಮೇಲೆ ಬಿತ್ತು. ನಾಲ್ಕನೆಯದನ್ನು ಸಲಿಕೆಯ ಅಂಚಿನಿಂದ ಹೊಡೆದೆ. ಅದು ತಲೆ ಸರಿಸಿತು. ಅಂಚು ಬುಟ್ಟಿಯೊಳಕ್ಕೆ ಇಳಿಯಿತು. ಏನು ಒಡೆಯಿತು ಎಂದು ನನಗೆ ಗೊತ್ತಿತ್ತು, ಆ ಕ್ಷಣವೇ ಗೊತ್ತಿತ್ತು. ಆದರೂ ಐದನೆಯದನ್ನು ಅಲ್ಲೇ ಹೊಡೆದೆ.

ಆಮೇಲೆ ಎಣಿಸಿಲ್ಲ.

"ಸತ್ತೈತಿ." ಅತ್ತೆಯ ದನಿ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ. "ಬಿಡ. ಮಾಧವಿ, ಬಿಡ. ಸತ್ತೈತಿ ಅದು."

ಅದಕ್ಕೆ ಮುಖ ಉಳಿದಿರಲಿಲ್ಲ. ಬೂದಿ ಬೆನ್ನು ತೆರೆದುಕೊಂಡು ಸತ್ತಿತ್ತು, ರೆಕ್ಕೆ ಮಾತ್ರ ಇನ್ನೂ ಬುಟ್ಟಿಯ ಮೇಲೆ ಹರಡಿತ್ತು. ಒಂಬತ್ತು ಮೊಟ್ಟೆಗಳಲ್ಲಿ ನಾಲ್ಕು ಸಲಿಕೆಯ ಕೆಳಗೆ, ಎರಡು ನನ್ನ ಬೂಟಿನ ಕೆಳಗೆ. ಮರಿಗಳು ಪೂರ್ತಿ ರೂಪುಗೊಂಡಿದ್ದವು. ಒದ್ದೆ ತುಪ್ಪಳ, ಉಗುರು, ಕೊಕ್ಕು. ಒಂದು ಕೊಕ್ಕು ತೆರೆಯಿತು, ಮುಚ್ಚಿತು. ಅತ್ತೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಗಿಸಿದರು.

ಮೂರು ಮೊಟ್ಟೆ ಗೋಡೆಯ ಪಕ್ಕಕ್ಕೆ ಉರುಳಿ ಉಳಿದಿದ್ದವು. ಬಿಸಿ ಇದೆಯೇ ಎಂದು ಕಣ್ಣಿನ ರೆಪ್ಪೆಗೆ ಒಂದೊಂದನ್ನೇ ಹಚ್ಚಿ ನೋಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಬರಿಗಾಲಲ್ಲಿದ್ದರು. ತೂತಿನ ಹತ್ತಿರ ಬಗ್ಗಿದರು. ಮಣ್ಣಿನಲ್ಲಿ ಅರಿಶಿನ ಇನ್ನೂ ಇತ್ತು.

"ಇಲ್ಲೇ ಹುಗದಿದ್ದಿ."

"ಹೌದು."

ಒಡೆದ ಒಂದು ಚಿಪ್ಪನ್ನು ಎತ್ತಿ ತಿರುಗಿಸಿದರು. ಚಾಕುವಿನಿಂದ ಕೊಯ್ದ ಹಾಗೆ ನೇರ ಅಂಚು. "ಇದು ಹಲ್ಲಿಂದಲ್ಲ."

ಸಲಿಕೆಯನ್ನು ಜಾಲರಿಗೆ ಒರಗಿಸಿಟ್ಟೆ.

ಆಸ್ಪತ್ರೆಯಲ್ಲಿ ಏಳು ಹೊಲಿಗೆ, ರೇಬೀಸ್ ಇಂಜೆಕ್ಷನ್ ಶುರು. ಅದಾಗಿಯೇ ಮೈಮೇಲೆ ಬಿತ್ತಾ ಎಂದು ನರ್ಸ್ ಕೇಳಿದಳು. ಹೌದು ಎಂದೆ. ಹೆಣವನ್ನು ಪರೀಕ್ಷೆಗೆ ಒಯ್ದಿದ್ದಾರೆ. ಕಂದು ಕೋಳಿಗಳೆರಡೂ ಮೇಲಿನ ಕೋಲಿನ ಮೇಲೆ ಉಳಿದಿದ್ದವು, ಗ್ಯಾರೇಜಿಗೆ ಸಾಗಿಸಿದೆ. ಮೂರು ಮೊಟ್ಟೆ ಅಡುಗೆಮನೆಯಲ್ಲಿ, ಮೇಜಿನ ದೀಪದ ಕೆಳಗೆ, ರಟ್ಟಿನ ಡಬ್ಬಿಯಲ್ಲಿ. ನಾನು ಥರ್ಮಾಮೀಟರ್ ಇಟ್ಟೆ. ಅತ್ತೆ ಅದನ್ನು ತೆಗೆದಿಟ್ಟು ತಮ್ಮ ಅಂಗೈ ಇಟ್ಟರು.

ಮೇ 17, ಶುಕ್ರವಾರ. ರಾತ್ರಿ 9:15

ರಜೆ ಹಾಕಿದೆ. ನಿನ್ನೆ ಸಂಜೆ ಬಂದ ಜಾಲರಿಯನ್ನು ಪೂರ್ವದ ಬದಿಗೆ ಹೂಳಿದೆ. ಕಾಲು ಬಾತಿದೆ. ಆದರೂ 24 ಇಂಚಿಗೆ ಕಡಿಮೆಯಿಲ್ಲ. ನಾಲ್ಕೂ ಬದಿ ಈಗ ಮುಚ್ಚಿದೆ.

7:50ಕ್ಕೆ ಇನ್ನೊಂದು ಬಂತು. ಆಲ್ಡರ್ ಮರಗಳ ನಡುವೆ ನಿಂತಿತ್ತು. ಇದು ದೊಡ್ಡದು, ಒಂದು ಕಿವಿ ಹರಿದಿದೆ. ಜಾಲರಿಯ ಸುತ್ತ ಎರಡು ಸಲ ಸುತ್ತಿ, ನಾನು ತೊಳೆದ ಜಾಗವನ್ನು ಮೂಸಿತು. ಕುಳಿತು ಕತ್ತೆತ್ತಿ ಕೂಗಿತು. ನಲವತ್ತು ನಿಮಿಷ. ನನಗೆ ಪಾಪ ಅನ್ನಿಸಬೇಕಿತ್ತು. ಕಾದಂಬರಿಯಲ್ಲಾದರೆ ಅನ್ನಿಸುತ್ತಿತ್ತು. ಗೇಟಿನಿಂದ ಅದಕ್ಕೆ ಎಷ್ಟು ಅಡಿ ಎಂದು ಲೆಕ್ಕ ಹಾಕುತ್ತಿದ್ದೆ.

ಅದು ಹೋದ ಮೇಲೆ ಕೆಲಸ. ಗೇಟನ್ನು ಪೂರ್ತಿ ತೆರೆದಿಟ್ಟೆ. ಅದಕ್ಕೆ ಹಗ್ಗ ಕಟ್ಟಿ ಗ್ಯಾರೇಜಿನ ಪಕ್ಕದ ಬಾಗಿಲವರೆಗೆ ತಂದೆ. ಎಳೆದರೆ ಮುಚ್ಚಿ ಚಿಲಕ ತಾನಾಗಿ ಬೀಳುತ್ತದೆ. ಹತ್ತು ಸಲ ಪರೀಕ್ಷಿಸಿದೆ, ಹತ್ತೂ ಸಲ ಬಿತ್ತು. ಬೂದಿಯನ್ನು ಹೂಳಿಲ್ಲ. ಒಳಗೆ ಹಿಂದಿನ ಕಂಬಕ್ಕೆ ತಂತಿಯಿಂದ ಕಟ್ಟಿದ್ದೇನೆ.

ಅತ್ತೆ ನೋಡುತ್ತ ನಿಂತಿದ್ದರು. "ಕೋಳಿ ಗ್ಯಾರೇಜಿನ್ಯಾಗ ಅದಾವಲ್ಲ. ಇಲ್ಲೇನ ಕಾಯ್ತಿ?"

"ಅದು ಮತ್ತೆ ಬರುತ್ತೆ ಅತ್ತೆ."

"ಬರ್ಲಿ. ಕೋಳಿ ಇರಾಂಗಿಲ್ಲ. ನೋಡಿ ಹೋಗ್ತೈತಿ."

ಹಗ್ಗದ ಗಂಟು ಬಿಗಿಮಾಡಿದೆ.

"ನಾ ನೂರ ಕೋಳಿ ಕೊಯ್ದೇನಿ, ಮಾಧವಿ. ಕುರಿ ಕೊಯ್ಯೂದ ನೋಡೇನಿ. ಉಣ್ಣಾಕ ಕೊಯ್ದ್ವಿ, ಮುಗೀತು. ಹಿಂಗ ಹಗ್ಗಾ ಕಟ್ಟಿ ದಾರಿ ಕಾದ ಕುಂತಿಲ್ಲ ಯಾವತ್ತೂ." ನನ್ನ ಕೈಯಿಂದ ಸಲಿಕೆ ತೆಗೆದುಕೊಳ್ಳಲು ಬಂದರು. ನಾನು ಬಿಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಹಿಡಿದುಕೊಂಡಿದ್ದೆವು. ಅವರಿಗೆ ಎಪ್ಪತ್ತೆರಡು. ಎಳೆದುಕೊಂಡೆ. ಅವರು ಎರಡು ಹೆಜ್ಜೆ ಮುಗ್ಗರಿಸಿ ಡೆಕ್ಕಿನ ಕಂಬ ಹಿಡಿದರು.

ಆಮೇಲೆ ಅವರು ಪ್ರತಾಪ್‌ನೊಡನೆ ಫೋನಿನಲ್ಲಿ. ಸ್ಪೀಕರಿನಲ್ಲಿತ್ತು, ನನಗೆ ಕೇಳಲಿ ಎಂದೇ ಇರಬಹುದು.

"ಮರಿ ಆಗೂತನ ಇರ್ತೇನಿ. ಆಮ್ಯಾಲ ಕಳಿಸಿಬಿಡು. ನನಗ ಇಲ್ಲೆ ಅಂಜಿಕಿ ಬರ್ತೈತಿ."

"ಕಾಯೋಟಿ ಸತ್ತೋಯ್ತಲ್ಲ ಅವ್ವ. ನಾಳೆ ಮಧ್ಯಾಹ್ನ ನಾನೂ ಬರ್ತೀನಿ. ಇನ್ನೇನು ಅಂಜಿಕೆ?"

"ನಾ ಕಾಯೋಟಿ ಅಂದ್ನೇನು?"

ಮೊದಲ ಮೊಟ್ಟೆ ಸಂಜೆ ಆರಕ್ಕೆ ಬಿರಿದಿದೆ. ಕಡಲೆಬೇಳೆಯಷ್ಟು ತೂತು.

ಮೇ 18, ಶನಿವಾರ. ಬೆಳಿಗ್ಗೆ 4:40

ಗ್ಯಾರೇಜಿನ ಪಕ್ಕದ ಬಾಗಿಲಲ್ಲಿ ಮಡಚುವ ಕುರ್ಚಿ. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಪೆನ್ನು. ಸಲಿಕೆ ಮೊಣಕಾಲಿಗೆ ಒರಗಿದೆ. ಗೇಟಿಗೆ 22 ಅಡಿ. ಗಾಳಿ ನನ್ನ ಕಡೆ ಬೀಸುತ್ತಿದೆ, ಒಳ್ಳೆಯದು. ಬರೆದರೆ ನಿದ್ದೆ ಬರುವುದಿಲ್ಲ.

4:52. ಅಡುಗೆಮನೆಯ ದೀಪ ಹತ್ತಿತು. ಅತ್ತೆ ಮಲಗಿರಲಿಲ್ಲ ಅನಿಸುತ್ತದೆ. ಕಿಟಕಿಯಲ್ಲಿ ಅವರ ಬೆನ್ನು, ಡಬ್ಬಿಯ ಮೇಲೆ ಬಾಗಿದೆ.

5:01. ಮಂಜು. ಬೇಲಿ ಕಾಣುತ್ತದೆ, ಅದರಾಚೆ ಇಲ್ಲ.

5:07. ಕಿಟಕಿ ತೆರೆದರು. ಮೆಲ್ಲನೆ: "ಒಂದ ಹೊರಗ ಬಂತು. ಎರಡನೇದೂ ಒಡ್ಯಾಕತ್ತೈತಿ, ಸಿಪ್ಪಿ ಮೈಗೆ ಅಂಟೇತಿ. ಒಂದ ಕೈಲೆ ಆಗವಲ್ದು. ಬಾ."

ಕೈಯಿಂದ ಸನ್ನೆ ಮಾಡಿದೆ — ಸ್ವಲ್ಪ ತಾಳಿ.

5:10. ಮರಿಯ ದನಿ ಇಲ್ಲಿಗೂ ಕೇಳುತ್ತದೆ. ತೆಳ್ಳಗೆ, ಬಿಡದೆ. ಇಷ್ಟು ಚಿಕ್ಕದಕ್ಕೆ ಇಷ್ಟು ದನಿ.

5:12. ಆಲ್ಡರ್ ಕಡೆ ಜರಿಗಿಡ ಅಲುಗಿತು. ಗಾಳಿಯಲ್ಲ.

ಬಂತು. ಹರಿದ ಕಿವಿ. ಬೇಲಿಯ ಕೆಳಗೆ ನುಸುಳಿ ನಿಂತಿದೆ. ಮರಿಯ ಸದ್ದಿಗೆ ಕಿವಿ ಎತ್ತಿದೆ.

"ಮಾಧವಿ. ಮರಿ ಸಾಯ್ತೈತಿ. ನೀ ಬರ್ತೀಯೋ ಇಲ್ಲೋ? ಇನ್ನ ಕರಿಯಾಂಗಿಲ್ಲ ನಾ."

ಉತ್ತರ ಕೊಟ್ಟರೆ ಓಡಿಹೋಗುತ್ತದೆ. ಎದ್ದರೂ ಓಡಿಹೋಗುತ್ತದೆ. ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ, ಅಷ್ಟೇ.

ಗೇಟಿಗೆ ಹನ್ನೆರಡು ಅಡಿ. ಎಂಟು. ನೆಲ ಮೂಸುತ್ತ ಬರುತ್ತಿದೆ. ಬಾಯಿ ಸ್ವಲ್ಪ ತೆರೆದಿದೆ.

ಕಿಟಕಿ ಮುಚ್ಚಿದ ಸದ್ದು. ಅದು ತಲೆಯೆತ್ತಿ ಮನೆಯ ಕಡೆ ನೋಡಿತು. ಹೋಗಲಿಲ್ಲ. ಗೇಟಿನೊಳಗೆ ತಲೆ ಹಾಕಿದೆ. ಭುಜ. ಈಗ ಎಳೆದರೆ ಸೊಂಟಕ್ಕೆ ಬಡಿಯುತ್ತದೆ, ಕಿತ್ತುಕೊಂಡು ಓಡುತ್ತದೆ. ಹಿಂಗಾಲು ಒಳಗೆ ಬರಬೇಕು. ಇನ್ನೊಂದು ಹೆಜ್ಜೆ. ಇನ್ನೊಂದೇ